ಪಿಯುಸಿ ನಂತರ ಯಾವ ಕಾಲೇಜು? ಮಲೆನಾಡಿನ ವಿದ್ಯಾರ್ಥಿಗಳಿಗೂ ಪೋಷಕರಿಗೂ ಒಂದು ಮಾರ್ಗದರ್ಶಿ

ಶಿವಮೊಗ್ಗ ಜಿಲ್ಲೆಯ ಬಹುಪಾಲು ಮನೆಗಳಲ್ಲಿ ಕಾಲೇಜಿನ ಮಾತು ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನ ಶುರುವಾಗಿ, ಸಿಇಟಿ ಸೀಟು ಹಂಚಿಕೆಯ ಕೊನೆಯ ಸುತ್ತಿನ ಹೊತ್ತಿಗೆ ಮುಗಿದುಹೋಗುತ್ತದೆ. ಮಗ ಅಥವಾ ಮಗಳ ಮೂರು, ನಾಲ್ಕು ಅಥವಾ ಐದೂವರೆ ವರ್ಷಗಳ ಓದನ್ನೂ ಮನೆಯ ಹಲವು ವರ್ಷಗಳ ಉಳಿತಾಯವನ್ನೂ ಈ ಕೆಲವೇ ತಿಂಗಳುಗಳಲ್ಲಿ, ಅದೂ ಮಳೆಗಾಲದ ಬಿತ್ತನೆ, ನಾಟಿ, ಔಷಧಿ ಹೊಡೆಯುವ ಕೆಲಸಗಳ ನಡುವೆ ನಿರ್ಧರಿಸಬೇಕಾಗುತ್ತದೆ. ಹೀಗೆ ಆತುರವಾದಾಗ ಜನ ಕಾಲೇಜಿನ ಹೆಸರನ್ನು ನಂಬುತ್ತಾರೆ. ಆದರೆ ಸೇರಿದ ವಿದ್ಯಾರ್ಥಿಗೆ ದಕ್ಕುವುದು ಒಂದು ವಿಭಾಗ, ಅಲ್ಲಿನ ಎಂಟು ಹತ್ತು ಮಂದಿ ಅಧ್ಯಾಪಕರು, ಒಂದೆರಡು ಪ್ರಯೋಗಾಲಯ, ಒಂದು ಹಾಸ್ಟೆಲ್ ಕೋಣೆ ಮತ್ತು ಜೊತೆಯಲ್ಲಿ ಓದುವ ಅರವತ್ತು ಮಕ್ಕಳು. ಇವೆಲ್ಲವನ್ನೂ ಮೊದಲೇ ವಿಚಾರಿಸಿ ತಿಳಿಯಲು ಸಾಧ್ಯವಿದೆ. ಹಾಗೆ ವಿಚಾರಿಸುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಹೇಳಿದ್ದೇನೆ.

ಮೊದಲನೆಯ ಹಂತ: ಕೋರ್ಸನ್ನು ನಿರ್ಧರಿಸಿ

ಕಾಲೇಜಿನ ಹೆಸರು ಹೇಳುವ ಮೊದಲು ಯಾವ ಕೋರ್ಸು ಎಂಬುದನ್ನು ಮನೆಯಲ್ಲಿ ಕೂತು ಮಾತನಾಡಬೇಕು, ಮತ್ತು ಆ ಮಾತಿನಲ್ಲಿ ಓದಬೇಕಾದ ಮಗುವಿನ ಮಾತೇ ಹೆಚ್ಚಿರಬೇಕು. ಗಣಿತ ಕಂಡರೆ ಹಿಂಜರಿಯುವ ಹುಡುಗನನ್ನು ಪಕ್ಕದ ಮನೆಯವರ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆಂಬ ಕಾರಣಕ್ಕೆ ಕಂಪ್ಯೂಟರ್ ಸೈನ್ಸ್‌ಗೆ ಸೇರಿಸಿದರೆ, ಮೊದಲ ವರ್ಷದ ಗಣಿತದ ಪತ್ರಿಕೆಗಳು ನಾಲ್ಕನೆಯ ವರ್ಷದವರೆಗೂ ಬಾಕಿ ಉಳಿಯುತ್ತವೆ. ಎಂಥ ಒಳ್ಳೆಯ ಕಾಲೇಜಿಗೂ ಅದನ್ನು ಸರಿಪಡಿಸುವುದು ಕಷ್ಟ.

ಪಿಯುಸಿ ವಿಜ್ಞಾನವೆಂದರೆ ವೈದ್ಯಕೀಯ ಅಥವಾ ಎಂಜಿನಿಯರಿಂಗ್ ಎಂಬ ಎಣಿಕೆ ನಮ್ಮಲ್ಲಿ ಇನ್ನೂ ಬಲವಾಗಿದೆ. ಆದರೆ ನಮ್ಮ ಸುತ್ತಮುತ್ತಲೇ ಇರುವ ದಾರಿಗಳನ್ನು ಒಮ್ಮೆ ನೋಡಿ. 2012ರಲ್ಲಿ ಸ್ಥಾಪನೆಯಾಗಿ ಈಗ ಕೆಳದಿ ಶಿವಪ್ಪ ನಾಯಕರ ಹೆಸರನ್ನು ಹೊತ್ತಿರುವ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವು ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿದೆ. ಅದರ ಕೃಷಿ ಕಾಲೇಜು ಶಿವಮೊಗ್ಗದ ನವುಲೆಯಲ್ಲಿದೆ, ತೋಟಗಾರಿಕೆ ಕಾಲೇಜು ಮೂಡಿಗೆರೆಯಲ್ಲಿದೆ, ಅರಣ್ಯ ಕಾಲೇಜು ಕೊಡಗಿನ ಪೊನ್ನಂಪೇಟೆಯಲ್ಲಿದೆ. ಶಿರಸಿಯ ಅರಣ್ಯ ಕಾಲೇಜು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಶಿವಮೊಗ್ಗದಲ್ಲಿಯೇ ಪಶುವೈದ್ಯಕೀಯ ಕಾಲೇಜೂ ಇದೆ. ಅಡಿಕೆ ತೋಟದಲ್ಲಿ ಎಲೆಚುಕ್ಕೆ ರೋಗವನ್ನೂ ಕೊಳೆರೋಗವನ್ನೂ ಕಣ್ಣಾರೆ ಕಂಡು ಬೆಳೆದ ಮಗುವಿಗೆ ಸಸ್ಯರೋಗಶಾಸ್ತ್ರವಾಗಲಿ ತೋಟಗಾರಿಕೆಯಾಗಲಿ ದೂರದ ವಿಷಯವಲ್ಲ. ಈ ಕೋರ್ಸುಗಳಿಗೆ ಸಿಇಟಿ ಮೂಲಕವೇ ಪ್ರವೇಶ ದೊರೆಯುತ್ತದೆ. ರೈತರ ಮಕ್ಕಳಿಗೆ ಇವುಗಳಲ್ಲಿ ಪ್ರತ್ಯೇಕ ಕೋಟಾ ಇದ್ದು, ಅದಕ್ಕೆ ಬೇರೆಯ ದಾಖಲೆಗಳನ್ನು ಸಲ್ಲಿಸಬೇಕಾಗುತ್ತದೆ. ಸಿಇಟಿ ಅರ್ಜಿ ತುಂಬುವಾಗ ಆ ಕೋಟಾದ ಕಾಲಂ ಅನ್ನು ಖಾಲಿ ಬಿಟ್ಟವರಿಗೆ ಆಮೇಲೆ ಅದು ಸಿಗುವುದಿಲ್ಲ.

ಮೂಲ ವಿಜ್ಞಾನದ ಪದವಿಯನ್ನು ಕೈಲಾಗದವರ ದಾರಿ ಎಂದು ಹೇಳುವುದನ್ನು ನಾನು ಒಪ್ಪುವುದಿಲ್ಲ. 1940ರಷ್ಟು ಹಿಂದೆ ಆರಂಭವಾದ ಶಿವಮೊಗ್ಗದ ಸಹ್ಯಾದ್ರಿ ಕಾಲೇಜು ಈಗ ವಿಜ್ಞಾನ, ಕಲೆ, ವಾಣಿಜ್ಯ ಎಂದು ಪ್ರತ್ಯೇಕ ಕಾಲೇಜುಗಳಾಗಿ ಕುವೆಂಪು ವಿಶ್ವವಿದ್ಯಾಲಯದ ಘಟಕವಾಗಿ ನಡೆಯುತ್ತಿದೆ. ಅಲ್ಲಿ ಬಿ.ಎಸ್ಸಿ. ಮುಗಿಸಿದವರು 1987ರಲ್ಲಿ ಸ್ಥಾಪನೆಯಾದ ಅದೇ ವಿಶ್ವವಿದ್ಯಾಲಯದ ಶಂಕರಘಟ್ಟದ ಜ್ಞಾನ ಸಹ್ಯಾದ್ರಿ ಆವರಣದಲ್ಲಿ ಸ್ನಾತಕೋತ್ತರ ಪದವಿ ಓದಬಹುದು. ವಿಷಯದಲ್ಲಿ ಆಸಕ್ತಿಯಿರುವ ವಿದ್ಯಾರ್ಥಿಗೆ ಸಾಲ ಮಾಡಿ ಕೊಂಡ ಮ್ಯಾನೇಜ್‌ಮೆಂಟ್ ಸೀಟಿಗಿಂತ ಈ ಹಾದಿ ಎಷ್ಟೋ ಮೇಲು. ಕಲೆ ಮತ್ತು ವಾಣಿಜ್ಯದ ವಿದ್ಯಾರ್ಥಿಗಳು ಒಂದು ಬದಲಾವಣೆಯನ್ನು ಗಮನಿಸಬೇಕು. 2021–22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಡೆದ ನಾಲ್ಕು ವರ್ಷದ ಪದವಿ ವ್ಯವಸ್ಥೆಯನ್ನು ರಾಜ್ಯ ಸರ್ಕಾರ ಕೈಬಿಟ್ಟು, 2024–25ರಿಂದ ಮೂರು ವರ್ಷದ ಪದವಿಗೆ ಮರಳಿದೆ. ಹಾಗಾಗಿ ಎರಡು ಮೂರು ವರ್ಷ ಹಿರಿಯರಾದ ಅಕ್ಕ ಅಣ್ಣಂದಿರು ಹೇಳುವ ವಿಷಯ ಹೊಂದಾಣಿಕೆಯ ನಿಯಮಗಳು ಈಗ ಅನ್ವಯಿಸದೆ ಇರಬಹುದು.

ಎಸ್ಸೆಸ್ಸೆಲ್ಸಿ ನಂತರ ಪಾಲಿಟೆಕ್ನಿಕ್‌ಗೆ ಹೋದವರೂ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು, ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಮನೆಯಲ್ಲಿ ಹಣದ ಒತ್ತಡವಿದ್ದು ಕೈಕೆಲಸದಲ್ಲಿ ಮಗುವಿಗೆ ಒಲವಿದ್ದರೆ ಇದು ಗಟ್ಟಿಯಾದ ದಾರಿ.

ಎರಡನೆಯ ಹಂತ: ದಾಖಲೆಗಳನ್ನು ಒಂದು ವರ್ಷ ಮೊದಲೇ ಜೋಡಿಸಿ

ಅರ್ಹತೆಯಿದ್ದೂ ನಮ್ಮ ಭಾಗದ ಎಷ್ಟೋ ಮಕ್ಕಳು ಕೇವಲ ಕಾಗದಪತ್ರದ ಕಾರಣಕ್ಕೆ ಮೀಸಲಾತಿಯ ಲಾಭ ಕಳೆದುಕೊಳ್ಳುತ್ತಾರೆ ಎಂಬುದು ನನಗೆ ನಿಜವಾಗಿ ನೋವು ತರುವ ಸಂಗತಿ. ಸಿಇಟಿಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15 ಮತ್ತು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಸೀಟುಗಳು ಮೀಸಲಿವೆ. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೆಯ ತರಗತಿಯವರೆಗಿನ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿಯೇ ಓದಿರಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಶಾಲೆ ಇರುವ ಸ್ಥಳ, ಮನೆ ಇರುವ ಸ್ಥಳವಲ್ಲ. ಆಗುಂಬೆ ಕಡೆಯ ಹಳ್ಳಿಯಲ್ಲಿ ಮನೆಯಿದ್ದರೂ ಪ್ರೌಢಶಾಲೆಗೆ ತೀರ್ಥಹಳ್ಳಿ ಪಟ್ಟಣಕ್ಕೆ ಬಂದು ಓದಿದ ಹುಡುಗಿಗೆ ಈ ಮೀಸಲಾತಿ ದೊರೆಯುವುದಿಲ್ಲ, ಏಕೆಂದರೆ ಅದು ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆ. ಆದರೆ ಆಕೆ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಕನ್ನಡ ಮಾಧ್ಯಮದ ಮೀಸಲಾತಿಯನ್ನು ಕೇಳಬಹುದು, ಅದಕ್ಕೆ ಊರಿನ ಷರತ್ತಿಲ್ಲ. ಎರಡಕ್ಕೂ ಶಾಲೆಯ ಮುಖ್ಯಸ್ಥರಿಂದ ಪ್ರಮಾಣಪತ್ರ ಪಡೆದು ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಹಾಕಿಸಿಕೊಳ್ಳಬೇಕು. ಪ್ರಾಥಮಿಕ ಶಾಲೆ ಒಂದು ತಾಲ್ಲೂಕಿನಲ್ಲೂ ಪ್ರೌಢಶಾಲೆ ಇನ್ನೊಂದರಲ್ಲೂ ಆಗಿದ್ದರೆ ಎರಡು ಕಡೆ ಅಲೆಯಬೇಕಾಗುತ್ತದೆ. ಇದನ್ನು ಪ್ರಥಮ ಪಿಯುಸಿಯ ಬೇಸಿಗೆ ರಜೆಯಲ್ಲಿಯೇ ಮುಗಿಸಿಬಿಡಿ.

ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ ಚಾಲ್ತಿಯಲ್ಲಿದೆಯೇ ಎಂದು ನಾಡಕಚೇರಿಯಲ್ಲಿ ನೋಡಿಸಿ. ಆಧಾರ್ ಕಾರ್ಡ್‌ನಲ್ಲಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮತ್ತು ಬ್ಯಾಂಕ್ ಖಾತೆಯಲ್ಲಿ ವಿದ್ಯಾರ್ಥಿಯ ಹೆಸರು ಒಂದೇ ರೀತಿ ಇರಬೇಕು. ಇನಿಷಿಯಲ್ ಹಿಂದೆ ಮುಂದೆ ಆದದ್ದಕ್ಕೂ ವಿದ್ಯಾರ್ಥಿವೇತನ ನಿಂತುಹೋಗುತ್ತದೆ.

ಮೂರನೆಯ ಹಂತ: ಮಾನ್ಯತೆ ಪರಿಶೀಲನೆ

ಇದು ಮೊಬೈಲ್‌ನಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸವಾದರೂ ಬಿಡಬಾರದ್ದು. ಎಂಜಿನಿಯರಿಂಗ್ ಕಾಲೇಜಿಗೆ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ಅನುಮೋದನೆ, ವೈದ್ಯಕೀಯಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ, ನರ್ಸಿಂಗ್‌ಗೆ ನರ್ಸಿಂಗ್ ಕೌನ್ಸಿಲ್, ಫಾರ್ಮಸಿಗೆ ಫಾರ್ಮಸಿ ಕೌನ್ಸಿಲ್, ಕಾನೂನಿಗೆ ಬಾರ್ ಕೌನ್ಸಿಲ್ ಇವುಗಳ ಅನುಮತಿ ಇರಬೇಕು. ಅನುಮತಿ ಎಷ್ಟು ಸೀಟಿಗೆ ಇದೆ ಎಂಬುದನ್ನೂ ನೋಡಬೇಕು. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ.

ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್ ಮತ್ತು ಎನ್‌ಬಿಎ ಎರಡೂ ಒಂದೇ ಎಂದು ಹಲವರು ತಿಳಿದಿದ್ದಾರೆ. ನ್ಯಾಕ್ ಶ್ರೇಣಿ ಇಡೀ ಸಂಸ್ಥೆಗೆ ದೊರೆಯುವಂಥದ್ದು, ಎನ್‌ಬಿಎ ಮಾನ್ಯತೆ ಒಂದೊಂದು ಕೋರ್ಸಿಗೆ ಬೇರೆ ಬೇರೆಯಾಗಿ, ನಿಗದಿತ ಅವಧಿಗೆ ಮಾತ್ರ ದೊರೆಯುವಂಥದ್ದು. ಒಂದೇ ಕಾಲೇಜಿನಲ್ಲಿ ಸಿವಿಲ್ ವಿಭಾಗಕ್ಕೆ ಎನ್‌ಬಿಎ ಇದ್ದು, ಹೊಸದಾಗಿ ತೆರೆದ ಡೇಟಾ ಸೈನ್ಸ್ ವಿಭಾಗಕ್ಕೆ ಇಲ್ಲದಿರಬಹುದು, ಆದರೆ ದ್ವಾರದ ಫಲಕದಲ್ಲಿ ಎನ್‌ಬಿಎ ಎಂದಷ್ಟೇ ಬರೆದಿರುತ್ತದೆ. ನಿಮ್ಮ ವಿಭಾಗಕ್ಕೆ ಇದೆಯೇ, ಯಾವ ವರ್ಷದವರೆಗೆ ಇದೆ ಎಂದು ಕೇಳಿ. ಕೇಂದ್ರ ಸರ್ಕಾರದ ಶಿಕ್ಷಣ ಸಾಲದ ಬಡ್ಡಿ ಸಹಾಯಧನ ಪಡೆಯುವಾಗಲೂ ಈ ಮಾನ್ಯತೆ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಇದು ಪ್ರತಿಷ್ಠೆಯ ವಿಚಾರವಷ್ಟೇ ಅಲ್ಲ. ಕಾಲೇಜು ಸ್ವಾಯತ್ತವಾಗಿದ್ದರೆ ಪಠ್ಯಕ್ರಮ ಮತ್ತು ಪರೀಕ್ಷೆ ಅದರದೇ, ಪದವಿ ಮಾತ್ರ ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯು ಅಥವಾ ಸಂಬಂಧಪಟ್ಟ ವಿಶ್ವವಿದ್ಯಾಲಯದ್ದು. ಸ್ವಾಯತ್ತತೆ ಒಳ್ಳೆಯ ಅಧ್ಯಾಪಕರ ಕೈಯಲ್ಲಿ ವರ, ಸಡಿಲವಾದ ಕಡೆ ಅಂಕಗಳ ಉಬ್ಬರಕ್ಕೆ ದಾರಿ. ಹಾಗಾಗಿ ನಾಲ್ಕನೆಯ ಹಂತ ಮುಖ್ಯವಾಗುತ್ತದೆ.

ನಾಲ್ಕನೆಯ ಹಂತ: ಕಾಲೇಜನ್ನು ಬಿಟ್ಟು ವಿಭಾಗವನ್ನು ವಿಚಾರಿಸಿ

ಇಡೀ ಆಯ್ಕೆಯಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಶಿವಮೊಗ್ಗ ನಗರದಲ್ಲಿಯೇ 1980ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ರಾಷ್ಟ್ರೀಯ ಎಂಜಿನಿಯರಿಂಗ್ ಕಾಲೇಜು ಇದೆ, 2007ರಲ್ಲಿ ಆರಂಭವಾದ ಪಿಇಎಸ್ ಸಂಸ್ಥೆಯ ಕಾಲೇಜು ಇದೆ. ಮಲೆನಾಡಿನ ವ್ಯಾಪ್ತಿಯಲ್ಲಿ ಚಿಕ್ಕಮಗಳೂರು, ಹಾಸನಗಳಲ್ಲೂ ದಶಕಗಳಿಂದ ನಡೆದುಬಂದ ಎಂಜಿನಿಯರಿಂಗ್ ಕಾಲೇಜುಗಳಿವೆ. ಇವುಗಳಲ್ಲಿ ಯಾವುದು ಉತ್ತಮ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ಅರ್ಥವಿಲ್ಲ. ಮೆಕ್ಯಾನಿಕಲ್ ಓದುವವನಿಗೆ ಯಾವುದು ಉತ್ತಮ, ಎಲೆಕ್ಟ್ರಾನಿಕ್ಸ್ ಓದುವವಳಿಗೆ ಯಾವುದು ಉತ್ತಮ ಎಂದು ಕೇಳಿದರೆ ಮಾತ್ರ ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ.

ವಿಚಾರಿಸಬೇಕಾದ ಮೊದಲ ಸಂಗತಿ ಅಧ್ಯಾಪಕರದ್ದು. ಎಐಸಿಟಿಇ ನಿಯಮದಂತೆ ಎಂಜಿನಿಯರಿಂಗ್ ಪದವಿಯಲ್ಲಿ ಇಪ್ಪತ್ತು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಇರಬೇಕು. ಕಾಲೇಜುಗಳು ಅಧ್ಯಾಪಕರ ಹೆಸರು, ವಿದ್ಯಾರ್ಹತೆ, ಸೇರಿದ ದಿನಾಂಕಗಳನ್ನು ತಮ್ಮ ಜಾಲತಾಣದಲ್ಲಿ ಕಡ್ಡಾಯ ಮಾಹಿತಿಯ ಭಾಗವಾಗಿ ಪ್ರಕಟಿಸುತ್ತವೆ. ಆ ಪಟ್ಟಿಯಲ್ಲಿ ಹತ್ತು ವರ್ಷ ಮೇಲ್ಪಟ್ಟು ಅಲ್ಲಿಯೇ ಇರುವವರು ಎಷ್ಟು ಮಂದಿ, ಕಳೆದ ಒಂದು ವರ್ಷದಲ್ಲಿ ಸೇರಿದವರು ಎಷ್ಟು ಮಂದಿ ಎಂದು ಎಣಿಸಿ ನೋಡಿ. ವರ್ಷ ವರ್ಷವೂ ಬದಲಾಗುವ ಅಧ್ಯಾಪಕರಿರುವ ವಿಭಾಗದಲ್ಲಿ ಮಗುವಿನ ಕಷ್ಟ ಗುರುತಿಸಿ ಕೂರಿಸಿಕೊಂಡು ಹೇಳಿಕೊಡುವವರು ಸಿಗುವುದು ಅಪರೂಪ. ಒಂದು ವಿಭಾಗದಲ್ಲಿ ಇಷ್ಟೇ ಸೀಟು ಎಂಬ ಮಿತಿಯನ್ನು ಎಐಸಿಟಿಇ 2024–25ರಿಂದ ತೆಗೆದುಹಾಕಿದ ಮೇಲೆ ಕಂಪ್ಯೂಟರ್ ಸಂಬಂಧಿತ ಸೀಟುಗಳನ್ನು ಹೆಚ್ಚಿಸಿಕೊಳ್ಳಲು ಕಾಲೇಜುಗಳಿಗೆ ದಾರಿ ತೆರೆದಿದೆ. ಸೀಟು ಹೆಚ್ಚಿದಾಗ ಅಧ್ಯಾಪಕರೂ ಕೋಣೆಗಳೂ ಅದೇ ಪ್ರಮಾಣದಲ್ಲಿ ಹೆಚ್ಚಿವೆಯೇ ಎಂದು ಕೇಳುವುದು ಪೋಷಕರ ಹಕ್ಕು.

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪ್ರಶ್ನೆ ಬೇರೆ. ಅಲ್ಲಿ ಶುಲ್ಕ ಕಡಿಮೆ, ಖಾಯಂ ಅಧ್ಯಾಪಕರು ಅರ್ಹತೆಯ ಮೇಲೆ ಆಯ್ಕೆಯಾದವರು. ಆದರೆ ಹಲವು ವಿಷಯಗಳ ಪಾಠ ಅತಿಥಿ ಉಪನ್ಯಾಸಕರನ್ನೇ ಅವಲಂಬಿಸಿದೆ ಮತ್ತು ಅವರ ನೇಮಕ ತಡವಾದ ವರ್ಷ ತರಗತಿಗಳೂ ತಡವಾಗುತ್ತವೆ. ಅತಿಥಿ ಉಪನ್ಯಾಸಕರಲ್ಲಿ ಬಹಳ ಒಳ್ಳೆಯ ಮೇಷ್ಟರಿದ್ದಾರೆ, ಅವರ ಶ್ರಮಕ್ಕೆ ತಕ್ಕ ಗೌರವ ಸಿಗುತ್ತಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. ನೀವು ಆರಿಸುವ ಮುಖ್ಯ ವಿಷಯಗಳಿಗೆ ಖಾಯಂ ಅಧ್ಯಾಪಕರು ಇದ್ದಾರೆಯೇ, ಹಿಂದಿನ ವರ್ಷ ಪಾಠ ಯಾವ ತಿಂಗಳಲ್ಲಿ ಶುರುವಾಯಿತು ಎಂದು ಅಲ್ಲಿ ಓದುತ್ತಿರುವ ಎರಡನೆಯ ವರ್ಷದ ವಿದ್ಯಾರ್ಥಿಗಳನ್ನು ಕೇಳಿ.

ಎರಡನೆಯದು ಉದ್ಯೋಗದ ಅಂಕಿಗಳು. ಅತಿ ಹೆಚ್ಚಿನ ಸಂಬಳ ಪಡೆದ ಒಬ್ಬ ವಿದ್ಯಾರ್ಥಿಯ ಭಾವಚಿತ್ರವನ್ನು ಕಾಲೇಜುಗಳು ದೊಡ್ಡದಾಗಿ ಹಾಕುತ್ತವೆ, ಆ ಒಬ್ಬನಿಂದ ನಿಮ್ಮ ಮಗುವಿಗೆ ಏನೂ ತಿಳಿಯುವುದಿಲ್ಲ. ನಿಮ್ಮ ವಿಭಾಗದಲ್ಲಿ ಕೊನೆಯ ವರ್ಷ ಎಷ್ಟು ಮಂದಿ ಇದ್ದರು, ಅವರಲ್ಲಿ ಎಷ್ಟು ಮಂದಿಗೆ ನೇಮಕ ಪತ್ರ ಬಂತು, ಎಷ್ಟು ಮಂದಿ ಉನ್ನತ ವ್ಯಾಸಂಗಕ್ಕೆ ಹೋದರು, ಸಂಬಳದ ಕ್ರಮದಲ್ಲಿ ನಿಲ್ಲಿಸಿದರೆ ಸಾಲಿನ ನಡುವೆ ನಿಂತ ವಿದ್ಯಾರ್ಥಿಯ ಸಂಬಳ ಎಷ್ಟು ಎಂದು ಕೇಳಿ. ಕೇಂದ್ರ ಸರ್ಕಾರ ಪ್ರಕಟಿಸುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕುವ ಸಂಸ್ಥೆಗಳು ಈ ಮಾಹಿತಿಯನ್ನು ಸಲ್ಲಿಸಿ, ತಮ್ಮ ಜಾಲತಾಣದಲ್ಲಿಯೂ ಹಾಕಬೇಕು. ಅದರಲ್ಲಿ ಮಧ್ಯಮ ಸಂಬಳದ ಅಂಕಿ ಇರುತ್ತದೆ. ಕರಪತ್ರದ ಅಂಕಿಗೂ ಅಲ್ಲಿರುವ ಅಂಕಿಗೂ ದೊಡ್ಡ ಅಂತರ ಕಂಡರೆ ವಿವರಣೆ ಕೇಳಿ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳ ಪೋಷಕರು ಇನ್ನೊಂದು ಪ್ರಶ್ನೆಯನ್ನು ಮರೆಯದೆ ಕೇಳಬೇಕು: ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಪಾಠದ ವೇಗಕ್ಕೆ ಹೊಂದಿಕೊಳ್ಳಲಾಗದ ಮಕ್ಕಳಿಗೆ ನೀವು ಏನು ಮಾಡುತ್ತೀರಿ? ಸಂಜೆಯ ತರಗತಿ, ಮಾರ್ಗದರ್ಶಕ ಅಧ್ಯಾಪಕ, ಕನ್ನಡದಲ್ಲಿ ವಿವರಿಸಿ ಹೇಳುವ ಪದ್ಧತಿ ಎಂದು ನಿರ್ದಿಷ್ಟವಾದ ಉತ್ತರ ಕೊಡುವ ವಿಭಾಗವನ್ನು ನಾನಾದರೆ ಪಟ್ಟಿಯಲ್ಲಿ ಎರಡು ಸ್ಥಾನ ಮೇಲಕ್ಕೆ ಹಾಕುತ್ತೇನೆ. ತೊಂಬತ್ತು ಅಂಕ ಪಡೆದ ಹಳ್ಳಿಯ ಮಕ್ಕಳು ಮೊದಲ ಸೆಮಿಸ್ಟರಿನಲ್ಲಿ ಕುಸಿಯುವುದು ಬುದ್ಧಿ ಸಾಲದೆ ಅಲ್ಲ. ಪ್ರಶ್ನೆ ಕೇಳಲು ಭಾಷೆಯ ಸಂಕೋಚ ಅಡ್ಡ ಬರುತ್ತದೆ, ಕೇಳದೆ ಬಿಟ್ಟ ಪ್ರಶ್ನೆಗಳು ಒಂದರ ಮೇಲೊಂದು ಬೆಳೆಯುತ್ತವೆ.

ಐದನೆಯ ಹಂತ: ಕೆಲಸದ ದಿನ ಹೋಗಿ ನೋಡಿ

ಪಟ್ಟಿ ಮೂರು ನಾಲ್ಕು ಕಾಲೇಜುಗಳಿಗೆ ಇಳಿದ ಮೇಲೆ ತಂದೆ ಅಥವಾ ತಾಯಿ ಮಗುವಿನೊಂದಿಗೆ ಹೋಗಿಯೇ ನೋಡಬೇಕು. ಭಾನುವಾರವಾಗಲಿ ಕಾಲೇಜೇ ಏರ್ಪಡಿಸಿದ ಪೋಷಕರ ಭೇಟಿಯ ದಿನವಾಗಲಿ ಬೇಡ. ತರಗತಿಗಳು ನಡೆಯುತ್ತಿರುವ ದಿನ ಹನ್ನೊಂದು ಗಂಟೆಯ ಸುಮಾರಿಗೆ ಹೋಗಿ, ಪ್ರವೇಶ ವಿಭಾಗದ ಕೌಂಟರಿನಲ್ಲಿ ಕೂರದೆ ನಿಮ್ಮ ವಿಭಾಗದ ಮಹಡಿಗೆ ನಡೆಯಿರಿ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಕೈಯಿಂದ ಕೆಲಸ ಮಾಡುತ್ತಿದ್ದಾರೆಯೇ ಅಥವಾ ಉಪಕರಣಗಳಿಗೆ ಹೊದಿಕೆ ಹಾಕಿದೆಯೇ ನೋಡಿ. ಗ್ರಂಥಾಲಯದಲ್ಲಿ ಕೂತವರು ಎಷ್ಟು ಮಂದಿ, ಸಂಜೆ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂದು ವಿಚಾರಿಸಿ. ಕ್ಯಾಂಟೀನಿನಲ್ಲಿ ಎರಡನೆಯ ಮತ್ತು ಮೂರನೆಯ ವರ್ಷದ ವಿದ್ಯಾರ್ಥಿಗಳ ಜೊತೆ ಮಗುವನ್ನು ಕೂರಿಸಿ, ನೀವು ದೂರ ಹೋಗಿ. ದೊಡ್ಡವರ ಎದುರು ಹೇಳದ ಮಾತನ್ನು ಮಕ್ಕಳು ಮಕ್ಕಳಿಗೆ ಹೇಳುತ್ತಾರೆ. ಹೆಣ್ಣುಮಕ್ಕಳ ಶೌಚಾಲಯವನ್ನು ತಾಯಿ ಅಥವಾ ಮಗಳು ಒಳಗೆ ಹೋಗಿಯೇ ನೋಡಬೇಕು.

ವೈದ್ಯಕೀಯ, ಆಯುರ್ವೇದ, ನರ್ಸಿಂಗ್ ಕೋರ್ಸುಗಳಲ್ಲಿ ನೋಡಬೇಕಾದದ್ದು ಆಸ್ಪತ್ರೆ. ಶಿವಮೊಗ್ಗದ ಸರ್ಕಾರಿ ವೈದ್ಯಕೀಯ ಕಾಲೇಜಾದ ಸಿಮ್ಸ್‌ಗೆ ಮೆಗ್ಗಾನ್ ಆಸ್ಪತ್ರೆ ಹೊಂದಿಕೊಂಡಿದೆ, ಅಲ್ಲಿ ಸುತ್ತಲಿನ ಜಿಲ್ಲೆಗಳಿಂದಲೂ ರೋಗಿಗಳು ಬರುತ್ತಾರೆ. ಕಲಿಯುವ ವಿದ್ಯಾರ್ಥಿಗೆ ಅದಕ್ಕಿಂತ ದೊಡ್ಡ ಪಾಠಶಾಲೆ ಬೇರೆ ಇಲ್ಲ. ಕಟ್ಟಡ ಎಷ್ಟೇ ಹೊಳೆಯುತ್ತಿದ್ದರೂ ಹೊರರೋಗಿ ವಿಭಾಗದಲ್ಲಿ ಬೆಳಗಿನ ಹೊತ್ತೇ ಜನವಿಲ್ಲದ ಆಸ್ಪತ್ರೆಯಿರುವ ನರ್ಸಿಂಗ್ ಕಾಲೇಜಿಗೆ ಮಗಳನ್ನು ಸೇರಿಸಬೇಡಿ.

ಆರನೆಯ ಹಂತ: ಪೂರ್ತಿ ಖರ್ಚನ್ನು ಬರೆದು ಕೂಡಿ

ಮೊದಲ ವರ್ಷದ ಬೋಧನಾ ಶುಲ್ಕ ಖರ್ಚಿನ ಒಂದು ಭಾಗ ಮಾತ್ರ. ವಿಶ್ವವಿದ್ಯಾಲಯ ಶುಲ್ಕ, ಪರೀಕ್ಷಾ ಶುಲ್ಕ, ಕೌಶಲ ತರಬೇತಿಯ ಹೆಸರಿನ ಶುಲ್ಕ, ಹಾಸ್ಟೆಲ್ ಠೇವಣಿ, ಮೆಸ್, ಲ್ಯಾಪ್‌ಟಾಪ್, ಊರಿಗೆ ಬಂದು ಹೋಗುವ ಖರ್ಚು ಇವೆಲ್ಲವನ್ನೂ ನಾಲ್ಕು ವರ್ಷಕ್ಕೆ ಬರೆದು ಕೂಡಿಸಿ. ಒಂದೇ ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಒಂದೇ ಬೆಂಚಿನಲ್ಲಿ ಸಿಇಟಿ ಮೂಲಕ ಬಂದವನು, ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್-ಕೆ ಮೂಲಕ ಬಂದವನು ಮತ್ತು ಮ್ಯಾನೇಜ್‌ಮೆಂಟ್ ಕೋಟಾದವನು ಮೂರು ಬೇರೆ ಬೇರೆ ಶುಲ್ಕ ಕಟ್ಟಿರುತ್ತಾರೆ. ಅಧ್ಯಾಪಕರು, ಪ್ರಯೋಗಾಲಯ, ಪದವಿ ಮೂವರಿಗೂ ಒಂದೇ. ಸಿಇಟಿಯಲ್ಲಿ ಸೂಪರ್‌ನ್ಯೂಮರರಿ ಕೋಟಾ ಎಂಬ ಇನ್ನೊಂದು ದಾರಿಯೂ ಇದೆ. ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟುಗಳು, ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆಯಿರುವ ಕುಟುಂಬದ ಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿಯೊಂದಿಗೆ ದೊರೆಯುತ್ತವೆ. ಅರ್ಜಿಯಲ್ಲಿ ಇದಕ್ಕೆ ಒಪ್ಪಿಗೆ ಸೂಚಿಸಿರಬೇಕು.

ಮಲೆನಾಡಿನಲ್ಲಿ ಹಣದ ಮೊತ್ತದಷ್ಟೇ ಮುಖ್ಯವಾದದ್ದು ಹಣ ಬರುವ ಕಾಲ. ಅಡಿಕೆ ಕೊಯ್ಲು ಶುರುವಾಗುವುದು ಅಕ್ಟೋಬರ್ ಸುಮಾರಿಗೆ, ಸಂಸ್ಕರಿಸಿದ ಅಡಿಕೆ ಮಾರಿ ಕೈಗೆ ದುಡ್ಡು ಬರುವಾಗ ಹೊಸ ವರ್ಷ ಬಂದಿರುತ್ತದೆ. ಕಾಲೇಜಿನ ಶುಲ್ಕ ಕಟ್ಟಬೇಕಾದದ್ದು ಆರಿದ್ರಾ, ಪುಷ್ಯ ಮಳೆ ಸುರಿಯುವ ತಿಂಗಳುಗಳಲ್ಲಿ, ಮನೆಯಲ್ಲಿ ನಗದು ಅತಿ ಕಡಿಮೆಯಿರುವಾಗ. ಮುಂಗಡ ಸಾಲದ ಮೇಲೆ ಮಂಡಿಗೆ ಕಟ್ಟುಬಿದ್ದು, ಬೆಲೆ ಬಂದಾಗಲೂ ಬೇರೆ ಕಡೆ ಮಾರಲಾಗದೆ ಒದ್ದಾಡುವ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ. ಆದ್ದರಿಂದ ಮಗು ಪ್ರಥಮ ಪಿಯುಸಿಗೆ ಬಂದ ವರ್ಷದ ಸುಗ್ಗಿಯಲ್ಲಿಯೇ ಮೊದಲ ವರ್ಷದ ಶುಲ್ಕದ ಮೊತ್ತವನ್ನು ಬೇರೆಯಾಗಿ ಇಡಲು ಆರಂಭಿಸಿ. ಮಾಮ್ಕೋಸ್‌ನಂಥ ಸಹಕಾರ ಸಂಘದ ಸದಸ್ಯರಾಗಿದ್ದರೆ ಅಡಿಕೆ ದಾಸ್ತಾನಿನ ಮೇಲಿನ ಸಾಲದ ಬಡ್ಡಿಯನ್ನೂ ಬ್ಯಾಂಕಿನ ಶಿಕ್ಷಣ ಸಾಲದ ಬಡ್ಡಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ.

ಶಿಕ್ಷಣ ಸಾಲದಲ್ಲಿ 4 ಲಕ್ಷ ರೂಪಾಯಿವರೆಗೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುವುದಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಮೊದಲ ದಿನದಿಂದಲೇ ಸೇರುತ್ತಿರುತ್ತದೆ ಎಂಬುದನ್ನು ಮರೆಯಬಾರದು. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿಯೊಳಗಿದ್ದು ಕೋರ್ಸು ಮತ್ತು ಸಂಸ್ಥೆ ಅರ್ಹವಾಗಿದ್ದರೆ ಆ ಅವಧಿಯ ಬಡ್ಡಿಗೆ ಕೇಂದ್ರದ ಸಹಾಯಧನವಿದೆ. ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಅರ್ಜಿ ಹಾಕಬಹುದು. ವಿದ್ಯಾರ್ಥಿವೇತನಗಳಿಗೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ವಸತಿಯ ನೆರವು ನೀಡುವ ವಿದ್ಯಾಸಿರಿಯಂಥ ಯೋಜನೆಗಳಿಗೂ ಅಲ್ಲಿಯೇ ಅರ್ಜಿ.

ಸೀಟು ಕೊಡಿಸುತ್ತೇನೆಂದು ಫೋನ್ ಮಾಡುವ ಮಧ್ಯವರ್ತಿಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಡೊನೇಷನ್ ಪಡೆಯುವುದನ್ನು ಕರ್ನಾಟಕದಲ್ಲಿ 1984ರ ಕಾಯಿದೆಯೇ ನಿಷೇಧಿಸಿದೆ. ರಸೀತಿ ಇಲ್ಲದೆ ಕೊಟ್ಟ ಹಣ ವಾಪಸ್ಸು ಬರುವ ಹಣವಲ್ಲ.

ಏಳನೆಯ ಹಂತ: ದೂರ, ಬಸ್ಸು, ಹಾಸ್ಟೆಲ್

ಮನೆಯಿಂದ ಓಡಾಡಿ ಓದುವ ಯೋಚನೆಯಿದ್ದರೆ ದಾರಿಯನ್ನು ಮಳೆಗಾಲದ ಕಣ್ಣಿನಿಂದ ನೋಡಬೇಕು. ತೀರ್ಥಹಳ್ಳಿ, ಹೊಸನಗರ ಕಡೆಯ ಎಷ್ಟೋ ಮಾರ್ಗಗಳಲ್ಲಿ ಖಾಸಗಿ ಬಸ್ಸುಗಳೇ ಆಧಾರ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಆ ಬಸ್ಸುಗಳಿಗೆ ಅನ್ವಯಿಸುವುದಿಲ್ಲ, ಸರ್ಕಾರಿ ಬಸ್ಸಿನ ವಿದ್ಯಾರ್ಥಿ ಪಾಸ್ ಕೂಡ ನಡೆಯುವುದಿಲ್ಲ. ಹಾಗಾಗಿ ಮಾರ್ಗದಲ್ಲಿ ಯಾವ ಬಸ್ಸು, ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದು ಖರ್ಚನ್ನೂ ಓದಿನ ಸಮಯವನ್ನೂ ನಿರ್ಧರಿಸುತ್ತದೆ. ಪ್ರಯೋಗಾಲಯದ ತರಗತಿ ಸಂಜೆ ಐದಕ್ಕೆ ಮುಗಿದು, ಬಸ್ಸು ನಾಲ್ಕೂಮುಕ್ಕಾಲಿಗೆ ಹೊರಡುವುದಾದರೆ ಆ ಕಾಲೇಜಿಗೆ ಓಡಾಡಲು ಆಗುವುದಿಲ್ಲ. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಬಸ್ಸಿನಲ್ಲಿ ಕಳೆಯುವುದಾದರೆ ಹಾಸ್ಟೆಲ್ ಸೇರಿಸುವುದೇ ಸರಿ ಎಂದು ನನ್ನ ಅಭಿಪ್ರಾಯ. ಶರಾವತಿ ಹಿನ್ನೀರಿನ ಆಚೆಯ ತುಮರಿ ಭಾಗದವರಿಗೆ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಲಾಂಚಿನ ಕಾಯುವಿಕೆ ತಪ್ಪಿದೆ, ಸಾಗರದ ಪದವಿ ಕಾಲೇಜುಗಳನ್ನು ಅವರು ಈಗ ಹೊಸದಾಗಿ ಪಟ್ಟಿಗೆ ಸೇರಿಸಿ ನೋಡಬಹುದು.

ಹಾಸ್ಟೆಲ್ಲುಗಳಲ್ಲಿ ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಯ ನಿಲಯಗಳಿಗೆ ಪ್ರತ್ಯೇಕ ಅರ್ಜಿ ಹಾಕಬೇಕು, ಕಾಲೇಜು ಸೇರಿದ ತಕ್ಷಣ ಅದು ತಾನಾಗಿ ಸಿಗುವುದಿಲ್ಲ. ಶಿವಮೊಗ್ಗದಲ್ಲಿ ಸಮುದಾಯಗಳು ನಡೆಸುವ ವಿದ್ಯಾರ್ಥಿ ನಿಲಯಗಳೂ ಇವೆ. ಯಾವುದೇ ಆದರೂ ರಾತ್ರಿಯ ಊಟದ ಹೊತ್ತಿಗೆ ಒಮ್ಮೆ ಹೋಗಿ ನೋಡಿ, ಕುಡಿಯುವ ನೀರು ಮತ್ತು ವಿದ್ಯುತ್ ಹೋದಾಗಿನ ವ್ಯವಸ್ಥೆ ಕೇಳಿ.

ಇಲ್ಲಿ ಒಂದು ಮಾತನ್ನು ಪೋಷಕರಿಗೆ ನೇರವಾಗಿ ಹೇಳಬೇಕೆನಿಸುತ್ತದೆ. ಮಗನನ್ನು ಬೆಂಗಳೂರಿಗೋ ಮಂಗಳೂರಿಗೋ ಕಳಿಸಿ, ಅವನಿಗಿಂತ ಹೆಚ್ಚು ಅಂಕ ಪಡೆದ ಮಗಳನ್ನು ಹತ್ತಿರದಲ್ಲಿದೆ ಎಂಬ ಒಂದೇ ಕಾರಣಕ್ಕೆ ಅವಳಿಗೆ ಬೇಡವಾದ ಕೋರ್ಸಿಗೆ ಸೇರಿಸುವುದು ಅನ್ಯಾಯ. ಸುರಕ್ಷತೆಯ ಆತಂಕ ನಿಜವಾದದ್ದು, ಅದಕ್ಕೆ ಉತ್ತರ ಒಳ್ಳೆಯ ಹಾಸ್ಟೆಲ್ಲನ್ನು ಹುಡುಕುವುದು, ವಾರ್ಡನ್ ಅವರನ್ನು ಕಂಡು ಮಾತನಾಡುವುದು. ಮಗಳಿಗೂ ಮಗನಿಗೂ ಒಂದೇ ಪಟ್ಟಿ, ಒಂದೇ ಅಳತೆ ಇರಲಿ.

ಎಂಟನೆಯ ಹಂತ: ಆಪ್ಷನ್ ಎಂಟ್ರಿ

ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ ಅಂಕ ಅರ್ಧ, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ. ರ‍್ಯಾಂಕ್ ಬಂದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿರುವ ಹಿಂದಿನ ವರ್ಷಗಳ ಕಟ್ ಆಫ್ ರ‍್ಯಾಂಕುಗಳನ್ನು ತೆಗೆದು, ನಿಮ್ಮ ಪ್ರವರ್ಗದ ಕಾಲಂ ಅನ್ನೇ ನೋಡಿ. ಉದಾಹರಣೆಗೆ 2ಎ ಪ್ರವರ್ಗಕ್ಕೆ 2ಎಜಿ, 2ಎಆರ್, 2ಎಕೆ ಎಂದು ಮೂರು ಇರುತ್ತವೆ: ಜಿ ಎಂದರೆ ಸಾಮಾನ್ಯ, ಆರ್ ಎಂದರೆ ಗ್ರಾಮೀಣ, ಕೆ ಎಂದರೆ ಕನ್ನಡ ಮಾಧ್ಯಮ. ಗ್ರಾಮೀಣ ಪ್ರಮಾಣಪತ್ರವಿರುವ ವಿದ್ಯಾರ್ಥಿ ಸಾಮಾನ್ಯ ಕಾಲಂ ನೋಡಿ, ಸಿಗುವುದಿಲ್ಲವೆಂದು ಒಳ್ಳೆಯ ವಿಭಾಗವನ್ನು ಪಟ್ಟಿಯಿಂದಲೇ ಬಿಡುವುದುಂಟು. ಎರಡು ಮೂರು ವರ್ಷಗಳ ಅಂಕಿ ನೋಡಿದರೆ ಅಂದಾಜು ಗಟ್ಟಿಯಾಗುತ್ತದೆ.

ಆಪ್ಷನ್‌ಗಳನ್ನು, ಅಂದರೆ ಬೇಕಾದ ಕಾಲೇಜು ಮತ್ತು ಕೋರ್ಸುಗಳ ಪಟ್ಟಿಯನ್ನು, ತುಂಬುವ ನಿಯಮ ಸರಳ. ನಿಮಗೆ ಅತ್ಯಂತ ಬೇಕಾದದ್ದು ಮೊದಲು, ಅದಕ್ಕಿಂತ ಕಡಿಮೆ ಬೇಕಾದದ್ದು ಆಮೇಲೆ. ಸಿಗುವುದಿಲ್ಲವೆಂದು ಊಹಿಸಿ ಇಷ್ಟದ್ದನ್ನು ಕೆಳಗೆ ಇಡಬೇಡಿ, ಮೇಲೆ ಬರೆದದ್ದು ಸಿಗದಿದ್ದರೆ ಕೆಳಗಿನದಕ್ಕೆ ಧಕ್ಕೆಯಿಲ್ಲ. ಹಾಗೆಯೇ, ಸಿಕ್ಕರೂ ಸೇರುವುದಿಲ್ಲ ಎಂಬ ಕಾಲೇಜನ್ನು ಪಟ್ಟಿ ತುಂಬಲಿಕ್ಕಾಗಿ ಬರೆಯಬೇಡಿ. ಅಣಕು ಹಂಚಿಕೆಯ ಫಲಿತಾಂಶ ನೋಡಿ ತಿದ್ದಲು ಅವಕಾಶವಿರುತ್ತದೆ. ನಿಜವಾದ ಹಂಚಿಕೆಯಾದ ಮೇಲೆ ನಾಲ್ಕು ದಾರಿಗಳು. ಸೀಟು ಒಪ್ಪಿ ಸೇರುವುದು ಮೊದಲನೆಯದು. ಸೀಟನ್ನು ಇಟ್ಟುಕೊಂಡು ಪಟ್ಟಿಯಲ್ಲಿ ಅದಕ್ಕಿಂತ ಮೇಲಿರುವವಕ್ಕೆ ಮುಂದಿನ ಸುತ್ತಿನಲ್ಲಿ ಪ್ರಯತ್ನಿಸುವುದು ಎರಡನೆಯದು. ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು ಮೂರನೆಯದು, ಹೊರಬರುವುದು ನಾಲ್ಕನೆಯದು. ಎರಡನೆಯದನ್ನು ಆರಿಸಿ ಮೇಲಿನದು ಸಿಕ್ಕಿತೆಂದರೆ ಮೊದಲಿನ ಸೀಟು ತಾನಾಗಿ ಹೋಗುತ್ತದೆ. ಶುಲ್ಕ ಯಾವ ಹಂತದಲ್ಲಿ ಕಟ್ಟಬೇಕೆಂಬುದು ಆಯಾ ವರ್ಷದ ಪ್ರಕಟಣೆಯಲ್ಲಿರುತ್ತದೆ, ಅದನ್ನು ಪೂರ್ತಿ ಓದಿ.

ಜೋರು ಮಳೆಗೆ ಕರೆಂಟೂ ನೆಟ್‌ವರ್ಕೂ ಹೋಗುವ ಊರುಗಳಲ್ಲಿರುವವರು ಕೊನೆಯ ದಿನದವರೆಗೆ ಕಾಯಬಾರದು. ಎರಡು ದಿನ ಮೊದಲೇ ತಾಲ್ಲೂಕು ಕೇಂದ್ರಕ್ಕೆ ಬಂದು ತುಂಬಿ, ಮುದ್ರಿತ ಪ್ರತಿ ತೆಗೆದುಕೊಳ್ಳಿ. ಸೈಬರ್ ಕೇಂದ್ರದವರಿಗೆ ಪಾಸ್‌ವರ್ಡ್ ಒಪ್ಪಿಸಿ ಬರಬೇಡಿ. ಪಟ್ಟಿಯನ್ನು ಮನೆಯಲ್ಲಿ ಕಾಗದದ ಮೇಲೆ ಬರೆದುಕೊಂಡು ಹೋಗಿ, ವಿದ್ಯಾರ್ಥಿಯೇ ಕೂತು ತುಂಬಲಿ.

ಸೇರಿದ ಮೇಲೆ

ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ತೋರಿಸಿ ವಾಪಸ್ಸು ಪಡೆಯಿರಿ. ವಿಶ್ವವಿದ್ಯಾಲಯಗಳೂ ಅವುಗಳ ಅಧೀನದ ಕಾಲೇಜುಗಳೂ ಮೂಲ ಪ್ರಮಾಣಪತ್ರಗಳನ್ನು ತಮ್ಮಲ್ಲಿ ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲಿಯೇ ಸೂಚಿಸಿದೆ. ಪ್ರವೇಶದ ಕೊನೆಯ ದಿನಾಂಕಕ್ಕೆ ಎಷ್ಟು ಮೊದಲು ಸೀಟು ಬಿಡುತ್ತೀರಿ ಎಂಬುದರ ಮೇಲೆ ಶುಲ್ಕ ವಾಪಸ್ಸಿನ ಪ್ರಮಾಣವನ್ನೂ ಅದೇ ಸೂಚನೆ ನಿಗದಿಪಡಿಸಿದೆ. ಪ್ರತಿಯೊಂದು ಪಾವತಿಯ ರಸೀತಿಯನ್ನು ಒಂದೇ ಕಡತದಲ್ಲಿಡಿ, ಸಾಲ ಮತ್ತು ವಿದ್ಯಾರ್ಥಿವೇತನ ಎರಡಕ್ಕೂ ಅವು ಬೇಕಾಗುತ್ತವೆ. ರ‍್ಯಾಗಿಂಗ್ ತಡೆಯ ರಾಷ್ಟ್ರೀಯ ಸಹಾಯವಾಣಿ 1800-180-5522 ಅನ್ನು ಮಗುವಿನ ಮೊಬೈಲ್‌ನಲ್ಲಿ ಉಳಿಸಿಕೊಡಿ. ಮೊದಲ ಆಂತರಿಕ ಪರೀಕ್ಷೆ ಮುಗಿದ ವಾರ ಒಮ್ಮೆ ಕಾಲೇಜಿಗೆ ಹೋಗಿ ವಿಭಾಗದ ಮುಖ್ಯಸ್ಥರನ್ನೂ ಮಾರ್ಗದರ್ಶಕ ಅಧ್ಯಾಪಕರನ್ನೂ ಕಂಡು, ಮಗು ಯಾವ ವಿಷಯದಲ್ಲಿ ಹಿಂದಿದೆ, ಅದಕ್ಕೆ ಯಾರ ಬಳಿ, ಯಾವ ಹೊತ್ತಿನಲ್ಲಿ ಕೇಳಿ ಕಲಿಯಬಹುದು ಎಂದು ವಿಚಾರಿಸಿ ಬನ್ನಿ.